ಗಂಟೆಯಕ್ಕನ ಇಪ್ಪತ್ತನೆಯ ಮಗು

ನಮ್ಮ ಬೀದಿಯ ಶಾಲೆಯಲ್ಲಿ ಗಂಟೆ ಬಾರಿಸುತ್ತಿದ್ದವಳಿಗೆ ಗಂಟೆಯಕ್ಕ ಎಂದೇ ಹೆಸರು. ಗುಡಿಸುವುದು, ಮಕ್ಕಳ ಮೂಗು ಒರೆಸುವುದು, ಬೀಗ ಹಾಕುವುದು ಎಲ್ಲ ಅವಳದೇ. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಗಂಟೆ ತಡವಾದದ್ದಿಲ್ಲ.

ನಾನು ಅಲ್ಲೇ ನಾಲ್ಕನೆಯ ತರಗತಿವರೆಗೆ ಓದಿದವನು. ಈಗ ಟೆಂಪೊದಲ್ಲಿ ಮನೆ ಸಾಮಾನು ಸಾಗಿಸುತ್ತೇನೆ. ಮನೆ ಬಾಡಿಗೆ ಏರಿದಷ್ಟೂ ನನಗೆ ಕೆಲಸ. ಊರಾಚೆಗೆ ಹೊರಟ ಸಂಸಾರಗಳ ಪಾತ್ರೆ, ಹಾಸಿಗೆಗಳ ಮೇಲೆ ಒಂದೆರಡು ಸ್ಕೂಲ್ ಬ್ಯಾಗುಗಳೂ ಕೂತಿರುತ್ತಿದ್ದವು.

"ಲೋ ಟೆಂಪೊ, ನನ್ನ ಶಾಲೇನ ಕಂತು ಕಂತಲ್ಲಿ ಹೊತ್ಕೊಂಡ್ ಹೋಗ್ತಿದ್ದೀಯಲ್ಲೋ!"

"ಬಾಡಿಗೆ ಏರಿಸಿದೋರನ್ನ ಕೇಳಕ್ಕಾ. ನಾನು ಬರೀ ಕತ್ತೆ."

ಈ ವರ್ಷ ಉಳಿದದ್ದು ಇಪ್ಪತ್ತೇ ಮಕ್ಕಳು. ಇಪ್ಪತ್ತಕ್ಕಿಂತ ಒಂದು ಕಡಿಮೆಯಾದರೂ ಶಾಲೆ ಮುಚ್ಚುತ್ತಾರೆ. ಸೋಮವಾರ ಬೆಳಿಗ್ಗೆ ಅಧಿಕಾರಿ ತಲೆ ಎಣಿಸಲು ಬರುವವರಿದ್ದರು. ಇಪ್ಪತ್ತನೆಯದು ಅಕ್ಕನ ಮೊಮ್ಮಗಳು.

ಅದೇ ವಾರ ಅಕ್ಕನ ಮನೆ ಮಾಲೀಕ ಬಾಡಿಗೆಯನ್ನು ಒಂದೂವರೆಪಟ್ಟು ಮಾಡಿದ. ಆಗದಿದ್ದರೆ ಖಾಲಿ ಮಾಡಬೇಕು. ಅಕ್ಕ ಕೈಮುಗಿದು ತಿಂಗಳ ಕೊನೆಯವರೆಗೆ ಗಡುವು ಪಡೆದಿದ್ದಳು. ಅಷ್ಟು ಸಾಕಿತ್ತು. ಆದರೆ ನನ್ನ ಬಾಯಿ ಸುಮ್ಮನಿರಬೇಕಲ್ಲ! ನ್ಯಾಯ ಕೇಳಲು ಹೋದೆ. ಆತ ಹೂಕುಂಡಗಳಿಗೆ ನೀರು ಹಾಕುತ್ತಿದ್ದ.

"ನೀನ್ಯಾರಯ್ಯ ಮಧ್ಯೆ?" ಎಂದ.

ಪಿತ್ತ ನೆತ್ತಿಗೇರಿತು. ಅವನಪ್ಪನನ್ನೂ ಸೇರಿಸಿ ಬೈದೆ, ಒಂದು ಕುಂಡವನ್ನು ಒದ್ದು ಒಡೆದೆ.

"ಭಾನುವಾರದೊಳಗೆ ಮನೆ ಖಾಲಿ ಆಗ್ಬೇಕು. ಹೋಗಿ ನಿಮ್ಮಕ್ಕಂಗೆ ಹೇಳು."

ಭಾನುವಾರ ನಾನೇ ಸಾಮಾನು ಹೇರಿದೆ. ಹತ್ತಿರದಲ್ಲಿ ಅವಳ ಸಂಬಳಕ್ಕೆ ಒಂದು ಕೋಣೆಯೂ ಸಿಗಲಿಲ್ಲ. ಎರಡು ಬಸ್ ಬದಲಿಸಿ ಹೋಗಬೇಕಾದ ತಮ್ಮನ ಮನೆಯಲ್ಲಿ ಇಳಿಸಿದೆ.

"ನಾಳೆ ಬೆಳಿಗ್ಗೆ ನಾನೇ ಬಂದು ಕರ್ಕೊಂಡ್ ಹೋಗ್ತೀನಕ್ಕಾ."

"ನೀನು ಮಾಡಿದ್ದು ಸಾಕು ಮಾರಾಯ. ನಾವು ಬಸ್ಸಲ್ಲಿ ಬರ್ತೀವಿ."

ಸೋಮವಾರ ಶಾಲೆಯ ಮುಂದೆ ನಿಂತಿದ್ದೆ. ಗಂಟೆ ಹೊಡೆಯಲಿಲ್ಲ. ಅಧಿಕಾರಿ ಎಣಿಸಿದರು, ಹತ್ತೊಂಬತ್ತು.

"ಅರ್ಧ ಗಂಟೆ ಕಾಯಿರಿ ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ," ಎಂದೆ. ಜನ್ಮದಲ್ಲಿ ಮೊದಲ ಸಲ ಸಿಟ್ಟು ನುಂಗಿದ್ದೆ.

"ಇಲ್ಲದ ತಲೇನ ಹೇಗಪ್ಪಾ ಬರ್ಕೊಳ್ಳೋದು? ಇನ್ನೂ ಮೂರು ಶಾಲೆ ಇದೆ ನಂಗೆ."

ನಲವತ್ತು ನಿಮಿಷದ ಮೇಲೆ ಅಕ್ಕ ಮೊಮ್ಮಗಳನ್ನು ಎಳೆದುಕೊಂಡು ಓಡಿ ಬಂದಳು.

"ಎಷ್ಟು ಬರ್ಕೊಂಡ್ರೋ?"

"ಹತ್ತೊಂಬತ್ತು," ಎಂದೆ. ಅವಳು ಮೊಮ್ಮಗಳನ್ನು ಒಳಗೆ ಕಳಿಸಿ, ತಡವಾದ ಗಂಟೆಯನ್ನು ಬಾರಿಸಿದಳು.

ಎರಡು ತಿಂಗಳಿಗೆ ಶಾಲೆಯ ಬೆಂಚುಗಳನ್ನು ಸಾಗಿಸುವ ಕೆಲಸ ಬಂತು. ಒಲ್ಲೆ ಎನ್ನಬೇಕಿತ್ತು. ಆದರೆ ನನ್ನ ಮನೆಯ ಬಾಡಿಗೆಯೂ ಏರಿದೆ. ಹೇರಿದೆ. ಗಂಟೆಯನ್ನೂ ಹೇರಿದೆ.