ಕ್ರೈಟೀರಿಯಾ ಪಾಠದ ದಿನ

ಶಿಕಾರಿಪುರದಲ್ಲಿ ನನ್ನ ಬಾಡಿಗೆ ಕೋಣೆ, ಸೊರಬದಲ್ಲಿ ಅತಿಥಿ ಉಪನ್ಯಾಸಕಿಯ ಕೆಲಸ. ಇಂಗ್ಲಿಷ್ ಪಾಠವನ್ನು ಬಸ್ಸಿನಲ್ಲೇ ತಯಾರು ಮಾಡಿಕೊಳ್ಳುತ್ತೇನೆ. ಆ ಬೆಳಿಗ್ಗೆ ಓದುತ್ತಿದ್ದದ್ದು, ಏಕವಚನವೋ ಬಹುವಚನವೋ ಎಂದು ಎಲ್ಲರೂ ಎಡವುವ ಪದಗಳನ್ನು. ಒಂದಿದ್ದರೆ ಕ್ರೈಟೀರಿಯನ್, ಹಲವಿದ್ದರೆ ಕ್ರೈಟೀರಿಯಾ. ಒಂದು ಫಿನಾಮಿನನ್, ಹಲವು ಫಿನಾಮಿನಾ.

ಬಸ್ಸು ಕೆರೆ ಏರಿಯ ಮೇಲಿತ್ತು. ಎದುರಿಗೆ ಹುಲ್ಲು ಹೇರಿದ ಟ್ರ್ಯಾಕ್ಟರ್ ಬಂತು. ಡ್ರೈವರ್ ಎಡಕ್ಕೆ ಎಳೆದರು, ಮುಂದಿನ ಚಕ್ರ ಮಣ್ಣಿನಲ್ಲಿ ಜಾರಿತು. ನನ್ನ ಕಿಟಕಿಯ ಕೆಳಗೆ ರಸ್ತೆಯೇ ಇರಲಿಲ್ಲ, ಬರೀ ನೀರು. ಬಸ್ಸು ವಾಲಿ ನಿಂತಿತು.

"ಯಾರೂ ಅಲ್ಲಾಡ್ಬೇಡ್ರಿ! ಹಿಂದಿನ ಬಾಗ್ಲಿಂದ ಒಬ್ಬೊಬ್ರೇ ಇಳೀರಿ" ಎಂದು ಕಂಡಕ್ಟರ್ ಕೂಗಿದರು.

ಇಳಿದ ಮೇಲೆ ಒಬ್ಬ ಅಜ್ಜಿ, "ಅರ್ಧ ದಾರಿಗೆ ಅರ್ಧ ದುಡ್ಡು ವಾಪಸ್ ಕೊಡ್ತೀಯೇನಪ್ಪಾ?" ಎಂದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಹಿಂದೆ ಬಂದ ಬಸ್ಸು ಹತ್ತಿ ಕಾಲೇಜು ಸೇರಿದೆ.

ಪಾಠದ ನಡುವೆ ಒಬ್ಬ ಹುಡುಗ, "ಮೇಡಂ, ಡೇಟಾ ಒಂದಾ, ಹಲವಾ?" ಎಂದ. ಮೂಲದಲ್ಲಿ ಅದು ಬಹುವಚನ, ಈಗ ಏಕವಚನವಾಗಿಯೂ ನಡೆಯುತ್ತದೆ ಎಂದೆ. ಹಿಂದಿನ ಬೆಂಚಿನಿಂದ, "ನಿನ್ ಫೋನಲ್ಲಿ ಅದು ಯಾವಾಗ್ಲೂ ಖಾಲಿ ಕಣೋ, ನಿಂಗ್ಯಾಕೆ?" ಎಂಬ ಮಾತು ಬಂತು. ಆ ಗದ್ದಲದಲ್ಲಿ ನಾನು ಬೋರ್ಡಿಗೆ ತಿರುಗಿಕೊಂಡೆ. ಕಣ್ಣೆದುರು ಕೆರೆಯ ನೀರೇ ಇತ್ತು.

ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಗಳಿಗೆ ಹೇಳಿಕೊಂಡೆ. "ಏನೂ ಆಗ್ಲಿಲ್ವಲ್ರೀ, ಬಿಡಿ" ಎಂದರು. ಫೋನಿನಲ್ಲಿ ಅಮ್ಮನೂ, "ಏನೂ ಆಗ್ಲಿಲ್ವಲ್ಲ ಮಗಾ, ಊಟ ಮಾಡ್ದಾ?" ಎಂದಳು. ಯಾರಿಗಾದರೂ ಗಾಯವಾಗಿದ್ದರೆ ಕೇಳುತ್ತಿದ್ದರೇನೋ. ಏನೂ ಆಗದ್ದನ್ನು ಎಷ್ಟು ಸಲ ಹೇಳುವುದು?

ಸಂಜೆ ಅದೇ ಏರಿಯ ಮೇಲೆ ಹಿಂತಿರುಗಬೇಕು. ಅದನ್ನು ದಾಟಲಾಗದಿದ್ದರೆ ಈ ಕೆಲಸ ಬಿಡಬೇಕು. ಬಸ್ಸು ಹತ್ತಿದೆನೇನೋ ನಿಜ, ಆದರೆ ಏರಿ ಕಂಡೊಡನೆ ಎದ್ದು ನಿಂತೆ.

"ಇಲ್ಲಿಳಿಸಿ."

"ಇಲ್ಲಿ ಸ್ಟಾಪಿಲ್ಲ ಮೇಡಂ. ಇಲ್ಯಾರಿದಾರೆ ನಿಮ್ಗೆ?"

"ಯಾರೂ ಇಲ್ಲ. ಇಳಿಸಿ."

ಬಸ್ಸು ಹೋಯಿತು. ಏರಿಯ ಉದ್ದಕ್ಕೂ ನೀರಿಗೆ ಬೆನ್ನು ತಿರುಗಿಸಿಕೊಂಡಂತೆ ಓರೆಯಾಗಿ ನಡೆದೆ. ಆ ತುದಿಯಲ್ಲಿ ಮುಂದಿನ ಬಸ್ಸಿಗೆ ಕೈ ಮಾಡಿದೆ.

ಈಗಲೂ ಹಾಗೆಯೇ ಮಾಡುತ್ತೇನೆ. ಅದಕ್ಕಾಗಿ ಬೆಳಿಗ್ಗೆ ಬೇಗ ಹೊರಡುತ್ತೇನೆ, ಪಾಠ ತಪ್ಪಿಲ್ಲ. ನಾನು ಏಳುವ ಮೊದಲೇ ಕಂಡಕ್ಟರುಗಳು ಸೀಟಿ ಊದುತ್ತಾರೆ. ಯಾಕೆ ಇಳಿಯುತ್ತೀರಿ ಎಂದು ಮಾತ್ರ ಯಾರೂ ಕೇಳಿಲ್ಲ.