ಬ್ರೇಕಿನ ಎರಡು ಶಬ್ದ

ನಮ್ಮವರು ಚಿಂತಾಮಣಿಯಲ್ಲಿ ಡಾಕ್ಟರಾಗಿದ್ದರು. ಬೆಳಿಗ್ಗೆ ಪೇಟೆಯ ಡಿಸ್ಪೆನ್ಸರಿ, ಊಟವಾದ ಮೇಲೆ ಸುತ್ತಮುತ್ತಲ ಹಳ್ಳಿಗಳು. ಮೊದಮೊದಲು ಸೈಕಲ್ಲಿನಲ್ಲೇ ಹೋಗುತ್ತಿದ್ದರು. ಐವತ್ತರ ದಶಕ ಮುಗಿಯುವ ಹೊತ್ತಿಗೆ ಒಂದು ಹಳೆಯ ಕರಿ ಕಾರು ಕೊಂಡರು. ಅದು ನಮಗಿಂತ ಮುಂಚೆ ಇನ್ನಿಬ್ಬರ ಕೈಯಲ್ಲಿ ಪಳಗಿ ಬಂದದ್ದು. ಒಂದು ಬಾಗಿಲನ್ನು ಹೊರಗಿನಿಂದಲೇ ತೆಗೆಯಬೇಕಾಗಿತ್ತು, ಮಳೆ ಬಂದರೆ ನನ್ನ ಕಾಲ ಬಳಿ ನೀರು ನಿಲ್ಲುತ್ತಿತ್ತು. ಆದರೂ ಅದು ಮನೆಗೆ ಬಂದ ದಿನ ಅವರ ಮುಖದಲ್ಲಿ ಕಂಡ ಖುಷಿ ನಮ್ಮ ಮದುವೆಯ ದಿನ ಇತ್ತೋ ಇಲ್ಲವೋ, ನಾನು ಕಾಣೆ.

ಆ ಕಾರನ್ನು ಓಡಿಸಿ ನೋಡಿ, ಧೈರ್ಯವಾಗಿ ತಗೊಳ್ಳಿ ಎಂದು ಹೇಳಿದವರು ಶಿಡ್ಲಘಟ್ಟದ ಸಾಹೇಬರು. ಅವರದು ರೇಷ್ಮೆ ದಾರಕ್ಕೆ ಹುರಿ ಹಾಕುವ ಕಾರ್ಖಾನೆ. ಮನೆಯ ಹಿಂದಿನ ಉದ್ದನೆಯ ಷೆಡ್ಡಿನಲ್ಲಿ ಸಾಲು ಸಾಲು ಕದಿರುಗಳು ಕರೆಂಟಿನಿಂದ ಗಿರ್ರೆಂದು ತಿರುಗುತ್ತಿದ್ದವು. ಒಳಗೆ ನಿಂತರೆ ಪಕ್ಕದವರ ಮಾತೂ ಕೇಳಿಸುತ್ತಿರಲಿಲ್ಲ. ಸಾಹೇಬರು ಬೆಳಗಿನಿಂದ ಸಂಜೆಯವರೆಗೆ ಅಲ್ಲೇ ಇರುವವರು. ಅವರ ಮಗಳಿಗೆ ವಿಷಮಶೀತ ಜ್ವರ ಬಂದಾಗ ನಮ್ಮವರು ವಾಸಿ ಮಾಡಿದ್ದರು, ಸ್ನೇಹ ಅಲ್ಲಿಂದ ಬೆಳೆಯಿತು. ಇಬ್ಬರಿಗೂ ಮಾತೆಂದರೆ ಪ್ರಾಣ. ಕನ್ನಡದಲ್ಲಿ ಶುರುವಾದದ್ದು ತೆಲುಗಿಗೆ ತಿರುಗಿ, ಉರ್ದುವಿನಲ್ಲಿ ಒಂದು ಸುತ್ತು ಹಾಕಿ, ಎಲ್ಲಿಗೆ ಮುಟ್ಟುತ್ತಿತ್ತೋ ಅವರಿಗೇ ಗೊತ್ತಿರುತ್ತಿರಲಿಲ್ಲ.

ಕಾರು ಬಂದ ಮೇಲೆ ಬಿಡುವಿದ್ದ ಭಾನುವಾರಗಳಲ್ಲಿ ನಾವು ಶಿಡ್ಲಘಟ್ಟಕ್ಕೆ ಹೋಗಿ, ಸಾಹೇಬರನ್ನೂ ಅವರ ಹೆಂಡತಿಯನ್ನೂ ಕೂರಿಸಿಕೊಂಡು, ಚಿಕ್ಕಬಳ್ಳಾಪುರದ ಮೇಲೆ ನಂದಿಗೆ ಹೋಗುತ್ತಿದ್ದೆವು. ಗಂಡಸರು ಮುಂದೆ, ನಾವಿಬ್ಬರೂ ಹಿಂದೆ. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುವ ಹಾಗೆ ಆಪಾ ಎನ್ನುತ್ತಿದ್ದೆ. ಗೌರಿಬಿದನೂರಿನ ಹತ್ತಿರದ ಅಲೀಪುರದವರು. ನಾನು ಚಿತ್ರಾನ್ನ ತಂದರೆ ಅವರು ಸಿಹಿ ತರುತ್ತಿದ್ದರು. ಮುಂದಿನ ಸೀಟಿನ ಗದ್ದಲದಲ್ಲಿ ನಮ್ಮ ಮಾತು ನಮಗೇ ಕೇಳಿಸದೆ ನಾವು ನಗುತ್ತಿದ್ದೆವು.

ಕೆಲವು ವರ್ಷ ಹೀಗೆ ನಡೆಯಿತು. ಆಮೇಲೆ ಕಾರಿನ ಬ್ರೇಕು ಶಬ್ದ ಮಾಡತೊಡಗಿತು.

ಬ್ರೇಕು ಒತ್ತಿದಾಗೆಲ್ಲ ಕೀ ಎಂದು ಒಂದು ಕೀರಲು. ಸಂತೆಯ ದಿನ ದಾರಿಯಲ್ಲಿ ಹೋಗುವವರೆಲ್ಲ ತಿರುಗಿ ನೋಡುವಷ್ಟು ಜೋರು. ಚಕ್ರದ ಬ್ರೇಕ್ ಡ್ರಮ್ಮಿನೊಳಗೆ ಧೂಳು ಸೇರಿದೆ, ಬಿಚ್ಚಿ ಒರೆಸಿದರೆ ಹೋಗುತ್ತದೆ ಎಂದು ನಮ್ಮವರು ನಿಶ್ಚಯಿಸಿಬಿಟ್ಟಿದ್ದರು. ಆದರೆ ಹಿಂದೆ ಕೂತ ನನಗೆ ಅದರ ಅಡಿಯಲ್ಲಿ ಇನ್ನೊಂದು ಶಬ್ದವೂ ಕೇಳಿಸುತ್ತಿತ್ತು. ಕಲ್ಲಿನ ಮೇಲೆ ಕಬ್ಬಿಣ ಎಳೆದ ಹಾಗೆ, ತಗ್ಗು ದನಿಯ ಕರಕರ. ಎರಡು ಥರ ಕೇಳಿಸ್ತಿದೆ ಎಂದು ಒಂದೆರಡು ಸಲ ಹೇಳಿದೆ. ಎರಡಲ್ಲ, ಇರೋದು ಒಂದೇ ಎಂದರು.

ಆ ಭಾನುವಾರ ನಂದಿ ಬೆಟ್ಟದಿಂದ ಇಳಿಯುತ್ತಿದ್ದೆವು. ತಿರುವು ತಿರುವಿಗೂ ಬ್ರೇಕು ಒತ್ತಲೇಬೇಕು. ಸಾಹೇಬರು ಮಾತು ನಿಲ್ಲಿಸಿ ತಲೆ ಬಗ್ಗಿಸಿ ಆಲಿಸಿದರು. ಗಾಡಿ ನಿಲ್ಲಿಸಲು ಹೇಳಿ, ಹಿಂದಿನ ಚಕ್ರದ ಲೈನಿಂಗ್ ಪೂರಾ ಸವೆದಿದೆ ಎಂದರು. ಬ್ರೇಕು ಒತ್ತಿದಾಗ ಡ್ರಮ್ಮಿಗೆ ಒತ್ತಿಕೊಳ್ಳುವ ಷೂ ಮೇಲೆ ಒಂದು ದಪ್ಪ ಪಟ್ಟಿ ಕೂರಿಸಿರುತ್ತಾರಂತೆ, ಅದೇ ಲೈನಿಂಗು. ಅದು ಸವೆದರೆ ಪಟ್ಟಿ ಹಿಡಿದಿರುವ ರಿವೆಟ್ಟುಗಳು ಡ್ರಮ್ಮನ್ನೇ ಕೊರೆಯುತ್ತವಂತೆ. ಸಾಹೇಬರು ಪ್ರಾಯದಲ್ಲಿ ಸ್ವಂತ ಲಾರಿ ಓಡಿಸಿದವರು, ಇದೆಲ್ಲ ಅವರಿಗೆ ಗೊತ್ತಿತ್ತು.

ನಮ್ಮವರು ಒಪ್ಪಲಿಲ್ಲ. ರಿವೆಟ್ಟು ಕೊರೆದರೆ ಕೀ ಅನ್ನುತ್ತದೆಯೇ, ಅದು ಧೂಳಿನ ಶಬ್ದ ಎಂದರು.

"ಕೀ ಅನ್ನೋದು ಎಲ್ಲಿದೆ ಡಾಕ್ಟ್ರೇ?" ಎಂದರು ಸಾಹೇಬರು. "ನನಗೆ ಕೇಳಿಸ್ತಿರೋದು ಕರಕರ ಒಂದೇ."

ನಮ್ಮವರು ಅದನ್ನು ಹಟ ಎಂದುಕೊಂಡರು. ಊರೆಲ್ಲ ತಿರುಗಿ ನೋಡುವ ಕೀರಲನ್ನು ಪಕ್ಕದಲ್ಲಿ ಕೂತವರು ಇಲ್ಲವೇ ಇಲ್ಲ ಎಂದರೆ ಇನ್ನೇನು ಅಂದುಕೊಳ್ಳಬೇಕು? ಸಾಹೇಬರು ಮತ್ತೂ ಹೇಳಿದರು. ಹ್ಯಾಂಡ್ ಬ್ರೇಕು ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ. ಕೆಳಗೆ ಸಮತಟ್ಟಾದ ರಸ್ತೆಯಲ್ಲಿ ಮೆಲ್ಲಗೆ ಹೋಗುತ್ತಾ ಅದೊಂದನ್ನೇ ಎಳೆದು ನೋಡೋಣ, ನಿಜ ಯಾವುದು ಅಂತ ಗೊತ್ತಾಗುತ್ತದೆ. ನಮ್ಮವರಿಗೆ ಆಗಲೇ ಕೋಪ ಬಂದಿತ್ತು. ನಗುನಗುತ್ತಲೇ ಅಂದರು:

"ನಿಮ್ಮ ಕಿವಿಯೊಳಗೆ ಆ ಕಾರ್ಖಾನೆ ಮಿಷಿನ್ನೇ ಕೂತುಬಿಟ್ಟಿದೆ ಸಾಹೇಬ್ರೇ. ಬೇರೆ ಏನೂ ಕೇಳಿಸಲ್ಲ ನಿಮಗೆ."

ಸಾಹೇಬರು ಕಿಟಕಿಯ ಕಡೆಗೆ ಮುಖ ಮಾಡಿ ಕೂತರು. ಶಿಡ್ಲಘಟ್ಟ ಬರುವವರೆಗೆ ಮುಂದಿನ ಸೀಟಿನಲ್ಲಿ ಒಂದು ಮಾತೂ ಇಲ್ಲ. ಆಪಾ ನನ್ನ ಕೈಮೇಲೆ ಕೈಯಿಟ್ಟರು. ಎಂದಿನಂತೆ ಒಳಗೆ ಬನ್ನಿ, ಚಹಾ ಕುಡಿದು ಹೋಗಿ ಎಂದು ಅವತ್ತು ಯಾರೂ ಕರೆಯಲಿಲ್ಲ.

ಆ ವಾರವೇ ನಮ್ಮವರು ಚಿಕ್ಕಬಳ್ಳಾಪುರದ ಗ್ಯಾರೇಜಿಗೆ ಹೋಗಿ ಮುಂದಿನ ಚಕ್ರಗಳನ್ನು ಬಿಚ್ಚಿಸಿ ಧೂಳು ತೆಗೆಸಿದರು. ಕೀರಲು ನಿಂತೇ ಹೋಯಿತು. ನಾನು ಹೇಳಿರಲಿಲ್ಲವಾ ಎಂದು ಮನೆಯಲ್ಲೂ ಹೇಳಿದರು, ಡಿಸ್ಪೆನ್ಸರಿಗೆ ಬಂದವರ ಹತ್ತಿರವೂ ಹೇಳಿದರು. ಶಿಡ್ಲಘಟ್ಟದಿಂದ ಔಷಧಿಗೆ ಬರುವವರ ಮೂಲಕ ಅದು ಸಾಹೇಬರಿಗೂ ಮುಟ್ಟಿರಬೇಕು. ಆ ಮಳೆಗಾಲ ಪೂರ್ತಿ ನಾವು ಆ ಕಡೆ ಹೋಗಲಿಲ್ಲ, ಅವರೂ ಬರಲಿಲ್ಲ. ಅವರ ಹಬ್ಬದ ದಿನ ಆಪಾ ಕಳಿಸುತ್ತಿದ್ದ ಸಿಹಿ ಮಾತ್ರ ಬಂತು. ತಂದವರ ಕೈಯಲ್ಲಿ ನಾನು ಹೂವು ಹಣ್ಣು ಕಳಿಸಿದೆ.

ಮಳೆ ನಿಂತ ಮೇಲೆ ಒಂದು ಮಧ್ಯಾಹ್ನ ಕೆಂಚಾರ್ಲಹಳ್ಳಿಗೆ ಜ್ವರದ ರೋಗಿಯನ್ನು ನೋಡಲು ಹೊರಟೆವು. ಅಲ್ಲಿ ನನ್ನ ಚಿಕ್ಕಮ್ಮನ ಮನೆ ಇತ್ತು, ಅದಕ್ಕೆ ನಾನೂ ಜೊತೆಗಿದ್ದೆ. ದಾರಿಗೆ ಕುರಿಮಂದೆ ಅಡ್ಡ ಬಂತು. ನಮ್ಮವರು ಬ್ರೇಕು ಒತ್ತಿದರೆ ಕಾರು ನಿಲ್ಲಲೊಲ್ಲದು. ಗಾಬರಿಯಲ್ಲಿ ಹ್ಯಾಂಡ್ ಬ್ರೇಕನ್ನೂ ಎಳೆದರು. ಹಿಂದಿನಿಂದ ಕರಕರನೆ ಎಂಥ ಶಬ್ದ ಬಂತೆಂದರೆ ಕುರಿಗಳೇ ಚದುರಿ ಓಡಿದವು. ಕಾರು ರಸ್ತೆ ಬಿಟ್ಟು ಒಂದು ಹುಣಸೆ ಮರದ ಬುಡದಲ್ಲಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ.

ಗ್ಯಾರೇಜಿನಲ್ಲಿ ಹಿಂದಿನ ಚಕ್ರ ಬಿಚ್ಚಿ ತೋರಿಸಿದರಂತೆ. ಲೈನಿಂಗು ಅನ್ನುವುದೇ ಉಳಿದಿರಲಿಲ್ಲ, ಡ್ರಮ್ಮಿನ ತುಂಬ ರಿವೆಟ್ಟು ಕೊರೆದ ಗೆರೆಗಳು. ಮನೆಗೆ ಬಂದು ಊಟಕ್ಕೆ ಕೂತಾಗ ಅವರೇ ಹೇಳಿದರು, ಇಬ್ಬರೂ ಹೇಳಿದ್ದು ಸರಿಯಾಗಿತ್ತು, ಎರಡು ತೊಂದರೆ ಇತ್ತು ಎಂದು. ಅನ್ನ ಕಲಸುತ್ತಾ ಕಲಸುತ್ತಾ ಕೈ ನಿಂತಿತು.

"ಅಲ್ಲ ಕಣೇ, ಅಷ್ಟು ಜೋರಾಗಿ ಕೀ ಅಂತಿತ್ತಲ್ಲ, ಅದು ಅವರಿಗೆ ಯಾಕೆ ಕೇಳಿಸ್ಲಿಲ್ಲ?"

ಅವರು ಎಲೆ ಮುಂದೆ ಹಾಗೆಯೇ ಕೂತು ಯೋಚಿಸಿದರು. ಆಮೇಲೆ ಒಂದೊಂದೇ ನೆನಪು ಮಾಡಿಕೊಂಡರು. ಸಾಹೇಬರು ಗಂಡಸರ ಮಾತಿಗೆ ಸರಿಯಾಗಿ ಉತ್ತರ ಕೊಡುತ್ತಿದ್ದರು, ನಾನೋ ಆಪಾನೋ ಹಿಂದಿನಿಂದ ಏನಾದರೂ ಅಂದರೆ ಕೇಳಿಸಿಕೊಳ್ಳುತ್ತಿರಲಿಲ್ಲ. ಹಿಂದಿನಿಂದ ಸೈಕಲ್ ಬೆಲ್ಲು ಹೊಡೆದರೆ ದಾರಿ ಬಿಡುತ್ತಿರಲಿಲ್ಲ. ಮಾರನೆಯ ದಿನವೇ ಶಿಡ್ಲಘಟ್ಟಕ್ಕೆ ಹೋದೆವು.

ಸಾಹೇಬರು ಬಾಗಿಲಿಗೇ ಬಂದು ಕೈ ಹಿಡಿದು ಕರೆದುಕೊಂಡು ಹೋದರು. ಏನೂ ನಡೆದೇ ಇಲ್ಲವೆಂಬಂತೆ ಮಾತಾಡಿಸಿದರು. ಆದರೆ ನಾವು ಹೇಳಿದ್ದನ್ನೆಲ್ಲ ಆಪಾ ಇನ್ನೊಂದು ಸಲ ಗಟ್ಟಿಯಾಗಿ ಹೇಳಬೇಕಾಗುತ್ತಿತ್ತು. ಈಗೀಗ ಹೀಗೆ, ಕೂಗಿದರೇ ತಿರುಗುವುದು ಎಂದು ಆಪಾ ನನಗೆ ಮೆಲ್ಲಗೆ ಹೇಳಿದರು. ನಮ್ಮವರು ಜೇಬಿನಿಂದ ತಮ್ಮ ಗಡಿಯಾರ ತೆಗೆದರು. ಸಾಹೇಬರ ಹಿಂದೆ ನಿಂತು ಬಲಗಿವಿಯ ಹತ್ತಿರ ಹಿಡಿದರು, ಕೇಳಿಸ್ತಾ ಎಂದರು. ಎಡಗಿವಿಯ ಹತ್ತಿರ ಹಿಡಿದರು. ಕಿವಿಗೆ ತಾಕಿಸಿಯೇ ಹಿಡಿದರು. ನಡುಮನೆಯಲ್ಲಿ ನಿಂತಿದ್ದ ನನಗೂ ಅದರ ಟಿಕ್ ಟಿಕ್ ಕೇಳಿಸುತ್ತಿತ್ತು.

ಸಾಹೇಬರು ತಿರುಗಿ ನೋಡಿ ನಕ್ಕರು. "ಅದು ಓಡ್ತಾ ಇದೆಯಾ ಡಾಕ್ಟ್ರೇ?"

ಯಂತ್ರದ ಗದ್ದಲದಲ್ಲಿ ವರ್ಷಗಟ್ಟಲೆ ಇದ್ದವರಿಗೆ ಮೊದಲು ಹೋಗುವುದು ಕೀ ಅನ್ನುವಂಥ ಸಣ್ಣ ದನಿಗಳಂತೆ. ಕರಕರದಂಥ ತಗ್ಗು ಶಬ್ದಗಳು ಉಳಿದಿರುವುದರಿಂದ ಅವರಿಗೇ ಗೊತ್ತಾಗುವುದಿಲ್ಲವಂತೆ. ನಮ್ಮವರು ಅದನ್ನು ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಹೇಳಿದರು. ಷೆಡ್ಡಿಗೆ ಹೋಗಬೇಡಿ, ಹೋಗಲೇಬೇಕಾದರೆ ಕಿವಿಗೆ ಹತ್ತಿ ಇಟ್ಟುಕೊಳ್ಳಿ ಎಂದರು. ಹಿಂದಿನ ಚಕ್ರದ ವಿಷಯವನ್ನೂ ಹೇಳಿದರು, ನೀವು ಹೇಳಿದ್ದೇ ಸರಿ ಎಂದು ಕೂಗಿ ಹೇಳಿದರು. ಸಾಹೇಬರಿಗೆ ಸಂತೋಷವಾಯಿತು. ಯಾರಿಗೂ ಪೆಟ್ಟಾಗಲಿಲ್ಲವಷ್ಟೆ ಎಂದು ಎರಡೆರಡು ಸಲ ಕೇಳಿದರು.

ಚಹಾ ಕುಡಿಯುವಾಗ ನಮ್ಮವರು ಲೋಟ ನೋಡುತ್ತಾ, ತಗ್ಗಿದ ದನಿಯಲ್ಲಿ, "ಅವತ್ತು ಆ ಮಾತು ನಾನು ಆಡಬಾರದಿತ್ತು" ಎಂದರು.

"ಏನಂದ್ರಿ?" ಎಂದು ಸಾಹೇಬರು ಮುಂದಕ್ಕೆ ಬಗ್ಗಿದರು.

ಅಂಗಳದಲ್ಲಿ, ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿ, ಕೆಲಸದವರು ದಾರದ ಕಟ್ಟುಗಳನ್ನು ಹೊರುತ್ತಿದ್ದರು. ನಮ್ಮವರು ಒಂದು ಗಳಿಗೆ ಅವರನ್ನು ನೋಡಿದರು. "ಏನಿಲ್ಲ, ಚಹಾ ಚೆನ್ನಾಗಿದೆ ಅಂದೆ" ಎಂದು ಗಟ್ಟಿಯಾಗಿ ಹೇಳಿದರು.

ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಅವರು ಹೇಳಿದ್ದು ಒಂದೇ. "ಪಕ್ಕದಲ್ಲೇ ಕೂತಿದ್ರು ಕಣೇ. ಎಷ್ಟು ವರ್ಷ ಪಕ್ಕದಲ್ಲೇ ಕೂತಿದ್ರು."

ಬೆಂಗಳೂರಿನ ದೊಡ್ಡ ಡಾಕ್ಟರರೂ ಹೋದ ಕಿವಿ ಬರುವುದಿಲ್ಲ, ಮುಂಚೆಯೇ ಗಮನಿಸಿದ್ದರೆ ಇನ್ನಷ್ಟು ಉಳಿಯುತ್ತಿತ್ತು ಎಂದರು. ಸಾಹೇಬರು ಕಾರ್ಖಾನೆಯನ್ನು ತಮ್ಮನಿಗೆ ಒಪ್ಪಿಸಿದರು. ಮತ್ತೆ ಎರಡು ಮೂರು ಸಲ ನಂದಿಗೆ ಹೋದೆವು. ಮುಂದಿನ ಸೀಟಿನಲ್ಲಿ ನಮ್ಮವರು ಒಂದು ಕಥೆ ಶುರು ಮಾಡುವರು, ಕೂಗಿ ಕೂಗಿ ಅರ್ಧಕ್ಕೆ ನಿಲ್ಲಿಸುವರು. ಸಾಹೇಬರು ಕೇಳಿಸಿತೆಂಬಂತೆ ತಲೆಯಾಡಿಸಿ ನಗುವರು. ಕೂಗಿ ಹೇಳಿದರೆ ರುಚಿ ಕೆಡುವ ಮಾತುಗಳೇ ಆ ಇಬ್ಬರ ನಡುವೆ ಹೆಚ್ಚು ಇದ್ದವು ಎಂದು ನನಗೆ ಗೊತ್ತಾದದ್ದು ಆಗಲೇ.

ಮೊದಲೆಲ್ಲ ಭಾನುವಾರ ಹಳ್ಳಿಯಿಂದ ಯಾರಾದರೂ ಕರೆಯಲು ಬಂದರೆ, ತೀರಾ ಅವಸರವಲ್ಲದಿದ್ದರೆ ಇವತ್ತು ನಂದಿಗೆ ಹೊರಟಿದ್ದೀವಿ, ನಾಳೆ ಬರ್ತೀನಪ್ಪ ಎನ್ನುತ್ತಿದ್ದರು. ಆಮೇಲಾಮೇಲೆ ಭಾನುವಾರವೂ ಯಾರು ಕರೆದರೂ ಬ್ಯಾಗು ಹಿಡಿದು ಹೊರಟುಬಿಡುತ್ತಿದ್ದರು.