ಆ ಬೆಳಿಗ್ಗೆ ಗಾಡಿ ಒದ್ದವರು

ನಾನು ನಿಂತಿದ್ದದ್ದು ಹೊಸದುರ್ಗದ ನಮ್ಮ ಮನೆಗೂ ಕಾಂಪೌಂಡರ್ ಮಾವನ ಮನೆಗೂ ನಡುವಿನ ಮೋಟುಗೋಡೆಯ ಈಚೆ, ನಲ್ಲಿಯ ಪಕ್ಕದಲ್ಲಿ. ಹೋದ ವರ್ಷ ಶಿವರಾತ್ರಿ ಕಳೆದ ಮೇಲಿನ ಸೋಮವಾರ. ಬಿಸಿಲು ಇನ್ನೂ ಅವರ ತೆಂಗಿನ ಮರದ ಬುಡಕ್ಕೆ ಇಳಿದಿರಲಿಲ್ಲ. ಅವರು ಜಗಲಿಯ ಮೇಲೆ ಕೂತಿದ್ದರು. ತಲೆ ಕೊಂಚ ವಾಲಿಸಿ, ಬಲಗಿವಿಯನ್ನು ಅಂಗಳದಲ್ಲಿದ್ದ ಬುಲೆಟ್ ಬೈಕಿನ ಕಡೆಗೆ ಕೊಟ್ಟಿದ್ದರು. ಆ ಕಿವಿಯೊಳಗಿಂದ ಬಿಳಿ ಕೂದಲಿನ ಒಂದು ಕುಚ್ಚು ಹೊರಗೆ ಬಂದಿತ್ತು. ಹೆಂಡತಿ ಕತ್ತರಿ ತಂದರೆ, “ಅದು ನನ್ನ ರೇಡಿಯೋ ಏರಿಯಲ್ಲು, ಮುಟ್ಟಬ್ಯಾಡ” ಅನ್ನುತ್ತಿದ್ದರು.

ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವರು. ಬೀದಿಗೆಲ್ಲ ಕಾಂಪೌಂಡರ್ ಮಾವ. ನಿವೃತ್ತಿಯಾದರೂ ಸುತ್ತಲಿನ ಕುರಿಹಟ್ಟಿಗಳವರು ಅವರನ್ನೇ ಕರೆಯುತ್ತಿದ್ದರು. ಹೋಗುತ್ತಿದ್ದದ್ದು ನನಗಿಂತ ವಯಸ್ಸಾದ ಆ ಬುಲೆಟ್ಟಿನಲ್ಲಿ.

ಒಮ್ಮೆ ನನ್ನ ತಾಯಿಗೆ ಉಸಿರು ಕಟ್ಟಿತು. ನನ್ನ ಹೊಸ ಸ್ಕೂಟರ್ ಚಳಿಗೆ ಮರಗಟ್ಟಿ ಕೂತಿತ್ತು. ಮಾವ ಬಂದರು. ಬುಲೆಟ್ ಶುರು ಮಾಡಲು ದಿನವೂ ಮಾಡುವುದನ್ನು ದಿನವೂ ಮಾಡುವಷ್ಟೇ ನಿಧಾನವಾಗಿ ಮಾಡತೊಡಗಿದರು. ನಾನು “ಬೇಗ ಮಾವಾ, ಬೇಗ” ಎಂದು ಕಿರುಚಿದೆ.

“ಬೇಗ ಅಂದ್ರೆ ಇದಕ್ಕೆ ತಿಳಿಯಾಕಿಲ್ಲ ಕಣಪ್ಪ. ನಿಮ್ಮವ್ವನ್ನ ಹಿಡ್ಕಂಡು ನಿಂತ್ಕ.”

ಒಂದೇ ಒದೆಗೆ ಇಂಜಿನ್ ಹಿಡಿಯಿತು. ಅಮ್ಮನನ್ನು ನಡುವೆ ಕೂರಿಸಿಕೊಂಡು ಆಸ್ಪತ್ರೆ ಸೇರಿದೆವು. ಅಮ್ಮ ನನ್ನ ಮಕ್ಕಳ ಮದುವೆ ನೋಡಿ ಹೋದಳು.

ಆಮೇಲೆ ಮಾವನ ಎದೆ ಕೈಕೊಟ್ಟಿತು. ಗಾಡಿ ಓಡಿಸಬಹುದು, ಒದೆಯಕೂಡದು ಎಂದರು ಡಾಕ್ಟರು. ಅಂದಿನಿಂದ ಒದೆಯುವ ಕೆಲಸ ಅತ್ತೆಯದಾಯಿತು. ಅತ್ತೆ ಎಂದರೆ ಮಾವನ ಹೆಂಡತಿ, ಅವರ ಭುಜದ ಎತ್ತರಕ್ಕೂ ಬಾರದ ಸಣ್ಣ ಹೆಂಗಸು. ಇಬ್ಬರೂ ಕೆಲಸ ಹಂಚಿಕೊಂಡರು. ಪೆಟ್ರೋಲಿನ ತಿರುಪು ಬಿಡುವುದು, ಕಾರ್ಬುರೇಟರಿನ ಗುಂಡಿಯನ್ನು ಬೆರಳು ಒದ್ದೆಯಾಗುವವರೆಗೆ ಒತ್ತುವುದು ಮಾವನದು. ಆ ಬೆರಳನ್ನು ಚಿಂದಿಗೆ ಒರೆಸಿ ಅವರು ಜಗಲಿಗೆ ಹೋದ ಮೇಲೆ ಅತ್ತೆ ಸೆರಗು ಸಿಕ್ಕಿಸಿ ಬರುತ್ತಿದ್ದರು. ಕಿಕ್ಕರನ್ನು ಮೆಲ್ಲಗೆ ಅದುಮಿದರೆ ಹೆಡ್‌ಲೈಟಿನ ಮೇಲಿನ ಕರೆಂಟು ತೋರಿಸುವ ಮುಳ್ಳು ನಡುವಿಗೆ ಬರುತ್ತದೆ. ಆಗ ಇಂಜಿನ್ನಿನ ಒತ್ತಡ ಬಿಡುವ ಎಡಗೈಯ ಸಣ್ಣ ಲಿವರ್ ಹಿಡಿದು ಇನ್ನೊಂದಿಷ್ಟು ಅದುಮಿ, ಲಿವರ್ ಬಿಟ್ಟು, ಮೈಭಾರವನ್ನೆಲ್ಲ ಕಾಲಿಗೆ ಹಾಕಬೇಕು. ಶಕ್ತಿ ಬೇಡ, ಹದ ಸಿಗಬೇಕು.

“ನಿಮ್ಮಪ್ಪ ಮುದ್ದೆ ಹಾಕಿ ಬೆಳೆಸಿದ್ದು ಇದಕ್ಕೇ ನೋಡು” ಎಂದು ಮಾವ ರೇಗಿಸುತ್ತಿದ್ದರು.

“ನಮ್ಮಪ್ಪ ಗಂಡನ್ನ ನೋಡಿ ಕೊಟ್ಟ, ಗಾಡಿ ನೋಡಿ ಕೊಡ್ಲಿಲ್ಲ. ಸುಮ್ಕೆ ಕುಂತ್ಕಳ್ರಿ.”

ಆ ಸೋಮವಾರ ಕುರಿಗಳಿಗೆ ಹೊಟ್ಟೆ ಉಬ್ಬರಿಸಿದೆ ಎಂದು ಹಟ್ಟಿಯಿಂದ ಒಬ್ಬ ಕುರಿಗಾಹಿ ಅಜ್ಜ ಬಂದಿದ್ದ. ಗೇಟಿನ ಒಳಗೆ, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ನಿಂತಿದ್ದ. ಮಾವ ತಮ್ಮ ಪಾಲಿನ ಕೆಲಸ ಮುಗಿಸಿ, ಬೆರಳು ಒರೆಸಿ, ಜಗಲಿಯಲ್ಲಿ ಕೂತರು. ನಾನು ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

“ಮುಳ್ಳು ನಡಕ್ಕೆ ಬಂತಾ?”

“ಬಂತು.”

“ಹೂಂ. ಲಿವರ್ ಬಿಡು.”

ಅತ್ತೆ ಒದ್ದರು. ಗಾಡಿ ಹಿಡಿಯಿತು. ಇಂಜಿನ್ ಕಾಯಲಿ, ತಡಿ ಎನ್ನುವಂತೆ ಮಾವ ಎಂದಿನ ಹಾಗೆ ಒಂದು ಬೆರಳು ಎತ್ತಿದರು. ಆ ಕೈ ನಿಧಾನವಾಗಿ ಮಂಡಿಯ ಮೇಲೆ ಇಳಿಯಿತು.

“ಏಳ್ರಿ, ಅಜ್ಜ ಕಾಯ್ತಾವ್ನೆ” ಎಂದರು ಅತ್ತೆ. ಮತ್ತೆ, “ಏನ್ರೀ, ನನ್ನ ಕೈಲಿ ಒದೆಸಿ ನೀವು ನಿದ್ದೆ ಹೊಡಿತೀರಾ?”

ಅಜ್ಜ ನಕ್ಕ. ಮೊದಲು ನಗು ನಿಲ್ಲಿಸಿದವನೂ ಅವನೇ. ಹೋಗಿ ಮಾವನ ಭುಜ ಮುಟ್ಟಿ, ಅತ್ತೆಯ ಕಡೆ ತಿರುಗಿದ. ಹೆಗಲ ಕಂಬಳಿ ಕೈಗೆ ತೆಗೆದುಕೊಂಡ. ಅತ್ತೆ ಮೊದಲು ಗಾಡಿಯ ಕೀ ತಿರುಗಿಸಿದರು. ಸದ್ದು ನಿಂತಿತು. ಆಮೇಲೆ ಗಂಡನ ಬಳಿ ಹೋದರು.

ನಂತರ ಓಡಿ ಬಂದವರು ಕಂಡದ್ದು ಬಿಸಿ ಇಂಜಿನ್ನು ಮತ್ತು ಜೀವವಿಲ್ಲದ ಮಾವ. ಗಾಡಿ ಒದೆಯಲು ಹೋಗಿ ಎದೆ ಒಡೆದುಕೊಂಡರು ಎಂಬ ಮಾತು ಹೊತ್ತೇರುವ ಮುಂಚೆ ಸಂತೆಯ ತನಕ ಹೋಯಿತು. ಹೆಂಡತಿ ಒದ್ದುಕೊಡಲಿಲ್ಲವಂತೆ ಎಂಬುದು ಆಮೇಲೆ ಸೇರಿಕೊಂಡಿತು.

ತಿಥಿಯ ದಿನ ಊಟ ಮುಗಿದ ಮೇಲೆ, ಹರಿಯಬ್ಬೆಯಿಂದ ಬಂದಿದ್ದ ಮಾವನ ತಮ್ಮ ಎಲ್ಲರೆದುರಿಗೆ ಅಂದರು: “ಅತ್ತಿಗೆ, ನೀನೊಂದು ಒದೆ ಒದ್ದು ಕೊಟ್ಟಿದ್ರೆ ಅಣ್ಣ ಇರ್ತಿದ್ದ.”

“ನಾನೇ ಒದ್ದಿದ್ದು.”

“ಈ ಕಾಲಾಗೆ? ಬುಲೆಟ್ಟು?” ಯಾರೋ ಕಿಸಕ್ಕನೆ ನಕ್ಕರು.

ನಾನು ಎದ್ದು, ಕಣ್ಣಾರೆ ಕಂಡಿದ್ದೇನೆ ಎಂದೆ. “ನೀವು ಪಕ್ಕದ ಮನೆಯವ್ರು, ಹಂಗೇ ಹೇಳ್ಬೇಕಾಗ್ತೈತೆ. ಈಗ ಒದ್ದು ತೋರಿಸ್ಲಿ, ನೋಡಾಣ” ಎಂದರು ಆ ಮೈದುನ.

ಕುರಿಗಾಹಿ ಅಜ್ಜ ಇದ್ದಿದ್ದರೆ ಸಾಕ್ಷಿ ಹೇಳಲು ಇನ್ನೊಂದು ಬಾಯಾದರೂ ಇರುತ್ತಿತ್ತು. ಅವನು ಮಂದೆ ಹೊಡೆದುಕೊಂಡು ದೂರ ಹೋಗಿದ್ದ. ಅತ್ತೆ ಅಂಗಳಕ್ಕೆ ಇಳಿದರು. ಮುಳ್ಳು ನೋಡಿದರು, ಲಿವರ್ ಹಿಡಿದು ಬಿಟ್ಟರು, ಒದ್ದರು. ಹಿಡಿಯಲಿಲ್ಲ. ಮತ್ತೆ ಒದ್ದರು, ಮತ್ತೆ. ಹಸಿರು ಬಳೆ ತೆಗೆದ ಬರಿಗೈ ಹ್ಯಾಂಡಲನ್ನು ಗಟ್ಟಿಯಾಗಿ ಹಿಡಿದಿತ್ತು. ನೆಂಟರು ಒಬ್ಬೊಬ್ಬರಾಗಿ ಮುಖ ತಿರುಗಿಸಿದರು. ಮೈದುನ ಚಪ್ಪಲಿ ಮೆಟ್ಟಿದರು.

ಎಲ್ಲರೂ ಹೋದ ಮೇಲೆ ಗಾಡಿಗೆ ಹೊದಿಕೆ ಹಾಕಲು ಕೈಕೊಟ್ಟಾಗ ಕಂಡೆ: ಪೆಟ್ರೋಲಿನ ತಿರುಪು ಬಂದ್ ಆಗಿತ್ತು. ಶವ ಮಲಗಿಸಲು ಗಾಡಿ ಸರಿಸಿದವರು ಯಾರೋ ಮುಚ್ಚಿರಬೇಕು.

“ಅತ್ತೆ, ಪೆಟ್ರೋಲೇ ಬಂದಿಲ್ಲ! ಅದಕ್ಕೇ ಹಿಡೀಲಿಲ್ಲ.”

“ನೋಡಿದ್ನಪ್ಪ. ಮೊದಲ್ನೇ ಒದೆಗೇ ನೋಡ್ದೆ.”

“ಮತ್ತೆ ತಿರುಗಿಸ್ಬಾರ್ದಾಗಿತ್ತಾ?”

“ಅದು ಅವ್ರು ಮಾಡ್ತಿದ್ದದ್ದು. ಕೈ ಹೋಗ್ಲಿಲ್ಲ.” ಹೊದಿಕೆಯ ಅಂಚು ಎಳೆದು ಕಟ್ಟಿ ಒಳಗೆ ಹೋದರು.

ಮೈದುನ ಇಂದಿಗೂ ಆ ಮನೆಗೆ ಕಾಲಿಟ್ಟಿಲ್ಲ. ಬಸ್‌ಸ್ಟ್ಯಾಂಡಿನ ಚಾ ಅಂಗಡಿಯಲ್ಲಿ ಜನ ಈಗಲೂ ಹೆಂಡತಿ ಒದ್ದುಕೊಡದ ಕಥೆಯನ್ನೇ ಹೇಳುತ್ತಾರೆ. ಅಮ್ಮ ಬದುಕಿದ ಅಷ್ಟು ವರ್ಷಗಳಿಗೆ ಪ್ರತಿಯಾಗಿ ನನ್ನಿಂದ ಮಾವನಿಗೆ ಏನೂ ಕೊಡಲಾಗಲಿಲ್ಲ. ಆದ್ದರಿಂದ ಇದನ್ನು ಬರೆದಿಡುತ್ತಿದ್ದೇನೆ. ಆ ಬೆಳಿಗ್ಗೆ ಅವರ ಕಾಲು ಕಿಕ್ಕರಿಗೆ ತಾಗಲಿಲ್ಲ. ಒದ್ದವರು ಅತ್ತೆ. ಗಾಡಿ ಒಂದೇ ಒದೆಗೆ ಹಿಡಿಯಿತು, ಮಾವ ಅದನ್ನು ಕೇಳುತ್ತಲೇ ಹೋದರು. ನೋಡಿದವರು ನಾವು ಮೂವರು: ಗೋಡೆಯ ಈಚೆ ನಾನು, ಗೇಟಿನ ಬಳಿ ಕುರಿಗಾಹಿ ಅಜ್ಜ, ಅಂಗಳದಲ್ಲಿ ಅತ್ತೆ. ಅಜ್ಜನಿಗೆ ಕಣ್ಣು ಮಂಜಾಗಿದೆ, ನೆನಪು ಚೆನ್ನಾಗಿದೆ. ಅತ್ತೆ ಅದೇ ಮನೆಯಲ್ಲಿದ್ದಾರೆ. ಮೂವರೂ ಇನ್ನೂ ಇದ್ದೇವೆ.